ಅಬ್ಬಾ ಅವರ ಕಂಪ್ಯೂಟರಿಗೆ ಯಾವ ಫ್ಯಾನ್?

ನಮ್ಮ ಮನೆ ಇರುವುದು ಚಿತ್ರದುರ್ಗದಲ್ಲಿ. ಮುಂದಿನ ರೂಮೇ ಅಬ್ಬಾ ಅವರ ಡಿಟಿಪಿ ಅಂಗಡಿ. ರಾತ್ರಿ ಅದೇ ದಾದಿ ಮಲಗುವ ರೂಮು, ನಾನು ಓದುವುದೂ ಅಲ್ಲೇ. ಮದುವೆ ಕಾರ್ಡು, ಕರಪತ್ರ, ಅರ್ಜಿ ಎಲ್ಲಾ ಒಂದೇ ಹಳೆ ಕಂಪ್ಯೂಟರಿನಲ್ಲಿ ಆಗುತ್ತವೆ. ಕನ್ನಡದ್ದು ನುಡಿಯಲ್ಲಿ, ಉರ್ದುವಿನದು ಇನ್‌ಪೇಜ್‌ನಲ್ಲಿ. ಹೋದ ಬೇಸಿಗೆಯಲ್ಲಿ ಹೊಸದುರ್ಗದಿಂದ ಮದುವೆ ಕಾರ್ಡಿಗೆ ಬಂದವರು ಕುರ್ಚಿಯಲ್ಲಿ ಕುಳಿತು ಕಾಯುತ್ತಿದ್ದಾಗಲೇ ಕಂಪ್ಯೂಟರ್ ಎರಡು ಸಲ ತಾನಾಗಿಯೇ ಆಫ್ ಆಯಿತು. ಎರಡನೇ ಸಲ ಸೇವ್ ಆಗಿರಲಿಲ್ಲ. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು, "ಇನ್ನೊಂದು ದಿನ ಬರ್ತೀವಿ ಭಾಯ್" ಅಂತ ಎದ್ದು ಹೋದರು. ಅವರು ಮತ್ತೆ ಬರಲಿಲ್ಲ.

ರಾತ್ರಿಯದು ಇನ್ನೊಂದು ಕಷ್ಟ. ಅಬ್ಬಾ ಮಿಕ್ಕ ಕೆಲಸ ಮುಗಿಸಲು ಕೂತರೆ ಕ್ಯಾಬಿನೆಟ್ ಹಿಂದಿನ ಫ್ಯಾನ್ ಗರಗರ ಅನ್ನುತ್ತಿತ್ತು. ದಾದಿ ಮಗ್ಗುಲು ಬದಲಿಸುತ್ತಾ ಕೇಳುತ್ತಿದ್ದರು, "ಇಸ್ಕು ನೀಂದ್ ನೈ ಆತಿ ಕ್ಯಾ?" ಇದಕ್ಕೆ ನಿದ್ದೆ ಬರಲ್ವಾ ಅಂತ. ಹೀಗಾಗಿ ಫ್ಯಾನ್ ಬದಲಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಕಾಮರ್ಸ್ ವಿದ್ಯಾರ್ಥಿ. ಫಿಸಿಕ್ಸ್ ಎಸ್ಸೆಸ್ಸೆಲ್ಸಿಗೇ ಬಿಟ್ಟವನು. ಆದರೂ ಎರಡು ವಾರ ಅಳತೆ ಮಾಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೋ ಅಂಗಡಿಯಲ್ಲೋ ಹಳೆ ಕಂಪ್ಯೂಟರ್ ಇಟ್ಟುಕೊಂಡವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದಾರೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಕಂಪ್ಯೂಟರಿನ ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಒಳಗಿನ ಬಿಸಿ ಗಾಳಿ ಹೊರಗೆ ಹಾಕಿ, ರೂಮಿನ ಗಾಳಿ ಒಳಗೆ ತರುತ್ತದೆ, ಅಷ್ಟೇ. ಆದ್ದರಿಂದ ಎಷ್ಟೇ ದುಡ್ಡಿನ ಫ್ಯಾನ್ ಹಾಕಿದರೂ ಪ್ರೊಸೆಸರ್ ರೂಮಿನ ಉಷ್ಣತೆಗಿಂತ ಕೆಳಗೆ ಇಳಿಯುವುದಿಲ್ಲ. ದುರ್ಗದ ಬೇಸಿಗೆ ಮಧ್ಯಾಹ್ನ ರೂಮೇ 37 ಡಿಗ್ರಿ ಇದ್ದರೆ ಲೆಕ್ಕ ಶುರುವಾಗುವುದೇ 37ರಿಂದ. ಪ್ರೊಸೆಸರ್ 100 ಡಿಗ್ರಿ ಆಸುಪಾಸು ಮುಟ್ಟಿದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಇನ್ನೂ ಏರಿದರೆ ಮೆಷಿನ್ ಆಫ್ ಆಗುತ್ತದೆ. ಹೊಸದುರ್ಗದವರ ಕಾರ್ಡು ಹೋದದ್ದು ಹೀಗೆ.

ಅಂಗಡಿಯಲ್ಲಿ ಫ್ಯಾನ್ ಡಬ್ಬಿಯ ಮೇಲೆ ಮೂರು ಅಂಕಿ ಇರುತ್ತವೆ. ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ. ಮೂರನೆಯದು ಡೆಸಿಬೆಲ್, ಅಂದರೆ ಸದ್ದು. ಇವನ್ನು ನಂಬಿ ಎರಡು ಕಂಪನಿಯ ಫ್ಯಾನ್ ಹೋಲಿಸುವುದು ಕಷ್ಟ. ಸಿಎಫ್‌ಎಂ ಅಳೆಯುವಾಗ ಫ್ಯಾನಿನ ಮುಂದೆ ಏನೂ ಅಡ್ಡ ಇರುವುದಿಲ್ಲ. ನಮ್ಮ ಕ್ಯಾಬಿನೆಟ್ಟಿನಲ್ಲಿ ಜಾಲರಿ, ವೈರು, ಧೂಳು ಎಲ್ಲಾ ಅಡ್ಡ. ಆ ಅಡ್ಡವನ್ನು ತಳ್ಳುವ ಶಕ್ತಿಗೆ ಸ್ಟ್ಯಾಟಿಕ್ ಪ್ರೆಷರ್ ಎನ್ನುತ್ತಾರೆ. ಅಗ್ಗದ ಡಬ್ಬಿಗಳಲ್ಲಿ ಅದನ್ನು ಬರೆದಿರುವುದೇ ಅಪರೂಪ. ಡೆಸಿಬೆಲ್ ಎಷ್ಟು ದೂರದಿಂದ ಅಳೆದದ್ದು ಅಂತಲೂ ಬರೆದಿರುವುದಿಲ್ಲ.

ಡೆಸಿಬೆಲ್ ಲೆಕ್ಕವೂ ರೂಪಾಯಿ ಲೆಕ್ಕದ ಹಾಗಲ್ಲ. 30 ಡೆಸಿಬೆಲಿನ ಎರಡು ಫ್ಯಾನ್ ಸೇರಿದರೆ 60 ಆಗುವುದಿಲ್ಲ, 33 ಆಗುತ್ತದೆ. ನಮ್ಮ ಕಿವಿಗೆ ಸದ್ದು ಎರಡರಷ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು. ಅಂದಾಜಿಗೆ ಹೇಳುವುದಾದರೆ, ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆ ನಿಯಮ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಲೌಡ್‌ಸ್ಪೀಕರು, ನಮ್ಮ ಮನೆಯ ಕ್ಯಾಬಿನೆಟ್ ಅಲ್ಲ.

ಗಾತ್ರದ ವಿಷಯ ಅರ್ಥ ಆಗಲು ನಮ್ಮೂರಿನವರು ತಲೆ ಎತ್ತಿದರೆ ಸಾಕು. ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತವೆ, ಆದರೆ ರೆಕ್ಕೆ ಅಷ್ಟು ದೊಡ್ಡದಿರುವುದರಿಂದ ಅಪಾರ ಗಾಳಿ ಅವುಗಳ ಮೂಲಕ ಹಾಯುತ್ತದೆ. ಅವು ಗಾಳಿಯಿಂದ ಕರೆಂಟ್ ಮಾಡುತ್ತವೆ, ಫ್ಯಾನ್ ಕರೆಂಟಿನಿಂದ ಗಾಳಿ ಮಾಡುತ್ತದೆ. ಆದರೆ ಲೆಕ್ಕ ಒಂದೇ. 120 ಮಿ.ಮೀ. ಫ್ಯಾನಿನ ವಿಸ್ತೀರ್ಣ 80 ಮಿ.ಮೀ. ಫ್ಯಾನಿನ 2.25 ಪಟ್ಟು. ಅಷ್ಟೇ ಗಾಳಿ ತಳ್ಳಲು ದೊಡ್ಡದು ನಿಧಾನವಾಗಿ ತಿರುಗಿದರೆ ಸಾಕು. ನಿಧಾನ ಅಂದರೆ ಸದ್ದು ಕಡಿಮೆ. ಒಂದೇ ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಸುಮಾರು ಅರ್ಧ ಆಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಅದು ತಿನ್ನುವ ವಿದ್ಯುತ್ ಎಂಟರಲ್ಲಿ ಒಂದು ಭಾಗಕ್ಕೆ ಬರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಲೆಕ್ಕ ಇದು.

ಗರಗರ ಸದ್ದು ಮಾತ್ರ ಗಾಳಿಯದ್ದಲ್ಲ, ಬೇರಿಂಗಿನದು. ಅಗ್ಗದ ಫ್ಯಾನ್‌ಗಳಲ್ಲಿ ಸ್ಲೀವ್ ಬೇರಿಂಗ್ ಇರುತ್ತದೆ. ಹೊಸದರಲ್ಲಿ ಮೆತ್ತಗೆ ತಿರುಗುತ್ತದೆ, ಬಿಸಿಗೆ ಎಣ್ಣೆ ಒಣಗಿದ ಮೇಲೆ ಉಜ್ಜಲು ಶುರು ಮಾಡುತ್ತದೆ. ಬಾಲ್ ಬೇರಿಂಗ್ ಬಿಸಿ ತಾಳುತ್ತದೆ, ಆದರೆ ಸಣ್ಣ ಸದ್ದು ಮೊದಲಿಂದಲೇ ಇರುತ್ತದೆ. ಫ್ಲೂಯಿಡ್ ಡೈನಾಮಿಕ್ ಅನ್ನುವುದರಲ್ಲಿ ಎಣ್ಣೆ ಸಣ್ಣ ಗೀರುಗಳಲ್ಲಿ ಸುತ್ತುತ್ತಾ ಒಳಗೇ ಉಳಿಯುತ್ತದೆ. ನಮ್ಮ ಹಳೆ ಫ್ಯಾನಿನ ಸ್ಟಿಕರ್ ಕಿತ್ತು ಅಮ್ಮಿಯ ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟೆ. ನಾಲ್ಕು ದಿನ ಸುಮ್ಮನಿತ್ತು. ಐದನೇ ದಿನ ಮತ್ತೆ ಗರಗರ.

ಇನ್ನು ಪರೀಕ್ಷೆಯ ಕಥೆ. ಪ್ರತಿ ಸಲ 7-ಜಿಪ್‌ನಲ್ಲೇ ಇರುವ ಬೆಂಚ್‌ಮಾರ್ಕ್ 20 ನಿಮಿಷ ಓಡಿಸಿ ಪ್ರೊಸೆಸರ್ ಬಿಸಿ ಬರೆದುಕೊಂಡೆ. ಸದ್ದನ್ನು ದಾದಿಯ ದಿಂಬಿನ ಮೇಲೆ ಮೊಬೈಲ್ ಇಟ್ಟು ಆ್ಯಪ್‌ನಲ್ಲಿ ಅಳೆದೆ. ಮೊದಲ ದಿನ ಯಾವ ಫ್ಯಾನ್ ಹಾಕಿದರೂ 52 ಬಂತು. ಆ್ಯಪ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ಅಳೆಯುತ್ತಿದ್ದದ್ದು ಸೀಲಿಂಗ್ ಫ್ಯಾನನ್ನು! ಮರುದಿನದಿಂದ ರಾತ್ರಿ 11ರ ಮೇಲೆ, ಬೀದಿ ಸುಮ್ಮನಾದಾಗ, ಸೀಲಿಂಗ್ ಫ್ಯಾನ್ ಆಫ್ ಮಾಡಿ ಅಳೆದೆ. ಖಾಲಿ ರೂಮಿನ ಸದ್ದೇ 35 ಇತ್ತು. ಮೊಬೈಲ್ ಆ್ಯಪ್ ನಿಖರವಲ್ಲ, ಒಂದೇ ಮೊಬೈಲ್ ಒಂದೇ ಜಾಗದಲ್ಲಿ ಇಟ್ಟರೆ ಹೋಲಿಕೆಗೆ ಸಾಕು.

ಫ್ಯಾನ್ ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಕೆಂಪು ಧೂಳು ಕಂಬಳಿಯ ಹಾಗೆ ಕೂತಿತ್ತು. ಪೇಂಟ್ ಬ್ರಷ್‌ನಲ್ಲಿ ಹೊಡೆದದ್ದಕ್ಕೇ 91 ಇದ್ದ ಬಿಸಿ 83ಕ್ಕೆ ಇಳಿಯಿತು. ಖರ್ಚು ಸೊನ್ನೆ. (ಬ್ರಷ್ ಆಡಿಸುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಕರೆಂಟ್ ವೈರ್ ಕಿತ್ತಿರಲಿ.) ಒಣಗಿ ಸುಣ್ಣದ ಹಾಗಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ 120 ರೂಪಾಯಿಯ ಹೊಸ ಪೇಸ್ಟ್ ಹಚ್ಚಿದಾಗ 78. ಆ ಮೂರೂ ಅಳತೆ ಒಂದೇ ರಾತ್ರಿಯವು, ರೂಮು 33 ಡಿಗ್ರಿ ಇತ್ತು.

ಆಮೇಲೆ ಫ್ಯಾನ್‌ಗಳು. ಹಳೆಯ 80 ಮಿ.ಮೀ. ಫ್ಯಾನಿನಲ್ಲಿ ಬಿಸಿ 77, ಸದ್ದು 46. ಬಣ್ಣದ ಲೈಟಿನ 120 ಮಿ.ಮೀ. ಫ್ಯಾನ್ 250 ರೂಪಾಯಿಗೆ ಸಿಕ್ಕಿತು. ಅದರಲ್ಲಿ 69, ಸದ್ದು 45. ನಾಲ್ಕು ಪಿನ್ನಿನ ಫ್ಲೂಯಿಡ್ ಬೇರಿಂಗ್ ಫ್ಯಾನ್ 750 ರೂಪಾಯಿ. ಪೂರ್ತಿ ವೇಗದಲ್ಲಿ 66, ಸದ್ದು 42. ಲೈಟಿನದ್ದಕ್ಕಿಂತ ಮೂರು ಡಿಗ್ರಿ ಮೇಲು ಅಂತ ಖುಷಿಪಟ್ಟು ಅಬ್ಬಾಗೆ ಹೇಳಿಯೂಬಿಟ್ಟೆ. ಆಮೇಲೆ ನೋಟ್‌ಬುಕ್ ನೋಡಿದರೆ ಲೈಟಿನ ಫ್ಯಾನ್ ಅಳೆದ ರಾತ್ರಿ ರೂಮು 32, ಇದರ ರಾತ್ರಿ 30. ರೂಮಿನದ್ದು ಕಳೆದರೆ 37ಕ್ಕೆ 36. ಒಂದೇ ಡಿಗ್ರಿ ವ್ಯತ್ಯಾಸ.

ಹಾಗಾದರೆ 500 ರೂಪಾಯಿ ಹೆಚ್ಚು ಯಾಕೆ ಕೊಡಬೇಕು? ಡಿಗ್ರಿಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿದೆ. ಹಳೆ ಫ್ಯಾನಿಗೆ ಹೋಲಿಸಿದರೆ ಲೈಟಿನ ಫ್ಯಾನ್ ಎಂಟು ಡಿಗ್ರಿ ಇಳಿಸಿದೆ, ಡಿಗ್ರಿಗೆ ಸುಮಾರು 31 ರೂಪಾಯಿ. ಇನ್ನೊಂದು ಒಂಬತ್ತು ಡಿಗ್ರಿ, ಡಿಗ್ರಿಗೆ 83. ಕಾಮರ್ಸ್ ಪ್ರಕಾರ ಲೈಟಿನದೇ ಗೆದ್ದಿತು. ಅಬ್ಬಾ ಕೂಡ ಅದನ್ನೇ ಇಟ್ಟುಕೋ ಅಂದರು. ಆದರೆ ದಾದಿಯ ನಿದ್ದೆಗೆ ಆ ಲೆಕ್ಕದಲ್ಲಿ ಕಾಲಂ ಇರಲಿಲ್ಲ. ಗುಡ್‌ವಿಲ್‌ನ ಹಾಗೆ ಅದೂ ಕಣ್ಣಿಗೆ ಕಾಣದ ಆಸ್ತಿ.

ಪೂರ್ತಿ ವೇಗದಲ್ಲಿ ಹೋಲಿಸಿದ್ದೇ ನನ್ನ ತಪ್ಪು. ರಾತ್ರಿ ನಮಗೆ ಪೂರ್ತಿ ವೇಗ ಬೇಕಾಗಿಯೇ ಇಲ್ಲ. ಕೇಳಬೇಕಾದ ಪ್ರಶ್ನೆ, ಇಷ್ಟೇ ಸದ್ದಿನಲ್ಲಿ ಯಾವುದು ಹೆಚ್ಚು ತಂಪಿಡುತ್ತದೆ ಅಂತ. ನಾಲ್ಕು ಪಿನ್ನಿನ ಫ್ಯಾನಿನಲ್ಲಿ ನಾಲ್ಕನೇ ತಂತಿಯಿಂದ ಮದರ್‌ಬೋರ್ಡ್ ವೇಗ ಹೇಳುತ್ತದೆ, ಬಯಾಸ್‌ನಲ್ಲಿ ನಾವೇ ಹೊಂದಿಸಬಹುದು. 900 ಸುತ್ತಿಗೆ ಇಳಿಸಿದೆ. ಬಿಸಿ 66ರಿಂದ 70ಕ್ಕೆ ಏರಿತು, ಅಷ್ಟೇ. ಸದ್ದು 38ಕ್ಕೆ ಬಂತು. ಅದರಲ್ಲೂ ಬಹುಪಾಲು ರೂಮಿನದು ಮತ್ತು ಹಾರ್ಡ್‌ಡಿಸ್ಕಿನದು. ಲೈಟಿನ ಫ್ಯಾನ್ ನೇರ ಎಸ್‌ಎಂಪಿಎಸ್‌ಗೆ ಸಿಕ್ಕಿಸುವ ಬಗೆಯದು, ಯಾವಾಗಲೂ ಒಂದೇ ಓಟ. 12 ವೋಲ್ಟಿನ ಬದಲು 5 ವೋಲ್ಟಿನ ತಂತಿಗೆ ಹಾಕಿ ನೋಡಿದೆ. ಲೈಟು ಮಿಣುಕಿತು, ರೆಕ್ಕೆ ಅಲ್ಲಾಡಲಿಲ್ಲ.

ಇದಕ್ಕಿಂತ ಒಳ್ಳೆಯವೂ ಇವೆ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಒಂದು 120 ಮಿ.ಮೀ. ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿ.ಮೀ. ಜಾಗ ಮಾತ್ರ ಬಿಟ್ಟಿದ್ದಾರೆ, ಗಾಳಿ ಹಿಂದಕ್ಕೆ ಸೋರದಿರಲಿ ಅಂತ. ಅದರ ಬೆಲೆ ನಮ್ಮ ಹಳೆ ಕ್ಯಾಬಿನೆಟ್ಟಿನ ಬೆಲೆಗಿಂತ ಹೆಚ್ಚು, ಆದ್ದರಿಂದ ಓದಿ ಸುಮ್ಮನಾದೆ.

ಕರೆಂಟ್ ಬಿಲ್ ಬಗ್ಗೆ ಅಮ್ಮಿ ಕೇಳಿದರು. ಇಂಥ ಫ್ಯಾನ್ ಸುಮಾರು 2 ವ್ಯಾಟ್. ದಿನಕ್ಕೆ 8 ಗಂಟೆ ಓಡಿದರೂ ತಿಂಗಳಿಗೆ ಅರ್ಧ ಯೂನಿಟ್.

ಲೈಟಿನ ಫ್ಯಾನನ್ನು ಹೊಳಲ್ಕೆರೆಯ ಖಾಲಾ ಮಗ ತೆಗೆದುಕೊಂಡು ಹೋದ, ಅವನಿಗೆ ಬೇಕಾಗಿದ್ದದ್ದು ಲೈಟೇ. ನಮ್ಮ ಕ್ಯಾಬಿನೆಟ್ ಮುಂದೆ ಹಳೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ, ಹದಿನೈದು ದಿನಕ್ಕೊಮ್ಮೆ ಒದರಿದರೆ ಧೂಳು ಅದರಲ್ಲೇ ನಿಲ್ಲುತ್ತದೆ. ಆಮೇಲಿಂದ ಕಂಪ್ಯೂಟರ್ ಒಂದು ಸಲವೂ ತಾನಾಗಿ ಆಫ್ ಆಗಿಲ್ಲ. ದಾದಿ ಈಗ ಗೊಣಗುವುದು ಕೀಬೋರ್ಡಿನ ಸದ್ದಿಗೆ. ನಮ್ಮ ಲ್ಯಾಬಿನಲ್ಲಿ ಟ್ಯಾಲಿ ಕಲಿಯುವಾಗ ಏಳನೇ ನಂಬರ್ ಮೆಷಿನ್ನಿನಿಂದಲೂ ಅದೇ ಗರಗರ ಕೇಳುತ್ತಿದೆ. ಶನಿವಾರ ಬಿಚ್ಚಿ ನೋಡಲು ಲ್ಯಾಬ್ ಸರ್ ಒಪ್ಪಿದ್ದಾರೆ. ಬ್ರಷ್ ನಾನು ತರುತ್ತೇನೆ.