ಗುಡ್ಡದ ದಾರಿಗೆ ಯಾವ ಬಂಡಿ? ಎರಡು ಹೊಡೆತದ್ದೋ, ನಾಲ್ಕು ಹೊಡೆತದ್ದೋ?

ಡಾಂಬರು ಕಾಣದ ದಾರಿಗಳು ಗಡಿಯಾಚೆಯ ನಮ್ಮ ಕನ್ನಡ ಹಳ್ಳಿಗಳಲ್ಲಿ ಇಂದಿಗೂ ಕಡಮೆಯಿಲ್ಲ. ತಾಳವಾಡಿಯ ಗುಡ್ಡದ ಕೊರಕಲು, ಕಾಸರಗೋಡಿನ ಮುರಕಲ್ಲಿನ ಏರು, ಅಕ್ಕಲಕೋಟೆ-ಜತ್ತದ ಕಡೆಯ ಎರೆಮಣ್ಣಿನ ಬಂಡಿಜಾಡು, ಮಡಕಶಿರಾ ಸೀಮೆಯ ಕಲ್ಲುಹಾದಿ, ಇವುಗಳ ಗುಣ ಬೇರೆ ಬೇರೆ. ಆದರೆ ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೇವಿನ ಹೊರೆ ಹೊತ್ತು ಅವುಗಳ ಮೇಲೆ ಓಡಾಡುವುದು ಈಗ ಬಹುಮಟ್ಟಿಗೆ ಎರಡು ಚಕ್ರದ ಮೋಟಾರು ಬಂಡಿಯೇ.

ಇಂಥ ಬಂಡಿ ಕೊಳ್ಳುವ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. “ಹಳೆಯ ಎರಡು ಹೊಡೆತದ ಬಂಡಿಯನ್ನೇ ಹುಡುಕಿ ತರೋಣ, ಏರಿಗೆ ಅದರಂಥದು ಬೇರೆ ಇಲ್ಲ” ಎಂದು ತರುಣರು ಹೇಳುತ್ತಾರೆ. “ಎಣ್ಣೆ ಕುಡಿಯುವ ಹೊಗೆಬಂಡಿ ನಮಗೆ ಬೇಡ” ಎಂದು ಹಿರಿಯರು ತಡೆಯುತ್ತಾರೆ. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಸಾಲ ತೆಗೆದು ಬಂಡಿ ಕೊಳ್ಳುವ ಮನೆಗೆ ಆಯ್ಕೆ ತಪ್ಪಿದರೆ ಒಂದು ಬೆಳೆಯ ಲಾಭ ಹೋದಂತೆ. ಇಳಿಜಾರಿನಲ್ಲಿ ತಿಳಿವಳಿಕೆ ತಪ್ಪಿದರೆ ಕೈಕಾಲೇ ಹೋದೀತು. ಆದ್ದರಿಂದ ಈ ವಿಷಯವನ್ನು ಬುಡದಿಂದ ನೋಡೋಣ.

ಹೊಡೆತ ಎಂದರೇನು?

ಎಂಜಿನ್ನಿನ ಉರುಳೆಯೊಳಗೆ ಪಿಸ್ಟನ್ ಎಂಬ ಕೊಂತ ಒರಳಿನಲ್ಲಿ ಒನಕೆ ಆಡಿದಂತೆ ಮೇಲೆ ಕೆಳಗೆ ಆಡುತ್ತದೆ. ಒಮ್ಮೆ ಮೇಲೇರುವುದು ಒಂದು ಹೊಡೆತ, ಕೆಳಗಿಳಿಯುವುದು ಇನ್ನೊಂದು. ನಾಲ್ಕು ಹೊಡೆತದ ಎಂಜಿನ್ನು ಗಾಳಿ-ಪೆಟ್ರೋಲನ್ನು ಒಳಗೆಳೆಯಲು ಒಂದು, ಅದನ್ನು ಒತ್ತಲು ಒಂದು, ಉರಿಸಿ ಬಲ ಪಡೆಯಲು ಒಂದು, ಹೊಗೆಯನ್ನು ಹೊರದೂಡಲು ಒಂದು ಹೊಡೆತವನ್ನು ಬಳಸುತ್ತದೆ. ಎರಡು ಸುತ್ತಿಗೆ ಒಮ್ಮೆ ಮಾತ್ರ ಬಲ. ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ಇದನ್ನು ನಡೆಸಿ ತೋರಿಸಿದನು.

ಎರಡು ಹೊಡೆತದ್ದು ಇದೇ ಕೆಲಸವನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಅಂದರೆ ಪ್ರತಿ ಸುತ್ತಿಗೂ ಬಲ. ಇದಕ್ಕೆ ಕವಾಟಗಳೂ ಅವನ್ನು ಆಡಿಸುವ ಸರಪಣಿಯೂ ಬೇಕಿಲ್ಲ. ಉರುಳೆಯ ಗೋಡೆಯಲ್ಲಿನ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಆದ್ದರಿಂದ ಯಂತ್ರ ಹಗುರ, ಸರಳ. ಆದರೆ ಹೊಸ ಪೆಟ್ರೋಲು ಒಳಬರುವಾಗಲೇ ಹೊಗೆಯ ಕಿಂಡಿಯೂ ತೆರೆದಿರುವುದರಿಂದ ಒಂದಷ್ಟು ಪೆಟ್ರೋಲು ಉರಿಯದೆಯೇ ಹೊರಗೆ ಹೋಗುತ್ತದೆ. ಚುರುಕಿಗೂ ದುಂದಿಗೂ ಮೂಲ ಒಂದೇ.

ಏರಿನಲ್ಲಿ

ನಮ್ಮವರಿಗೆಲ್ಲ ಪರಿಚಯವಿರುವ ಎರಡು ಬಂಡಿಗಳನ್ನು ಹೋಲಿಸಿದರೆ ಅಂತರ ಸ್ಪಷ್ಟವಾಗುತ್ತದೆ. ಎರಡೂ 1985ರಲ್ಲಿ ಬಂದವು. ಯಮಹಾ ಆರ್‌ಎಕ್ಸ್ 100 ಎರಡು ಹೊಡೆತದ್ದು, 98 ಸಿ.ಸಿ., 11 ಅಶ್ವಶಕ್ತಿ. ಹೀರೋ ಹೋಂಡಾ ಸಿಡಿ 100 ನಾಲ್ಕು ಹೊಡೆತದ್ದು, 97 ಸಿ.ಸಿ., 7ರಿಂದ 8 ಅಶ್ವಶಕ್ತಿ. ಹೊಟ್ಟೆ ಒಂದೇ ಅಳತೆಯದಾದರೂ ಬಲದಲ್ಲಿ ಇಷ್ಟು ವ್ಯತ್ಯಾಸ. ತರುಣರು ಹಳೆಯ ಯಮಹಾವನ್ನು ಇಂದಿಗೂ ಹುಡುಕುವುದು ಸುಮ್ಮನೆ ಅಲ್ಲ.

ಆದರೆ ಬಲ ಎಷ್ಟೆಂಬುದರ ಜೊತೆಗೆ ಅದು ಯಾವಾಗ ಬರುತ್ತದೆ ಎಂಬುದನ್ನೂ ನೋಡಬೇಕು. ಚಿಕ್ಕ ಎರಡು ಹೊಡೆತದ ಎಂಜಿನ್ನು ನಿಧಾನದಲ್ಲಿ ಸಪ್ಪೆ. ವೇಗ ಒಂದು ಮಟ್ಟ ದಾಟಿದೊಡನೆ ಬಲ ಒಮ್ಮೆಗೇ ನುಗ್ಗುತ್ತದೆ. ಮಳೆ ಬಿದ್ದ ಎರೆಮಣ್ಣಿನ ಮೇಲೋ ಪಾಚಿ ಕಟ್ಟಿದ ಮುರಕಲ್ಲಿನ ಮೇಲೋ ಹೀಗಾದರೆ ಹಿಂದಿನ ಚಕ್ರ ಕುಳಿತಲ್ಲೇ ತಿರುಗಿ ಬಂಡಿ ಅಡ್ಡ ಜಾರುತ್ತದೆ. ನಾಲ್ಕು ಹೊಡೆತದ್ದು ತುಂಬಿದ ಬಂಡಿಯನ್ನು ಎಳೆಯುವ ಹಳೆಯ ಎತ್ತಿನ ಹಾಗೆ: ಚಿಮ್ಮುವುದಿಲ್ಲ, ಬಿಡುವುದೂ ಇಲ್ಲ. ಹಿಂದೆ ಹೊರೆ ಕಟ್ಟಿದ್ದಾಗ ಈ ಗುಣವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಳಿಜಾರಿನಲ್ಲಿ

ನಾವು ವಾಚಕರ ಗಮನವನ್ನು ವಿಶೇಷವಾಗಿ ಸೆಳೆಯಬಯಸುವುದು ಇಲ್ಲಿ. ಏರಿನಲ್ಲಿ ಬಂಡಿ ಸೋತರೆ ಇಳಿದು ತಳ್ಳಬಹುದು, ಇಳಿಜಾರಿನಲ್ಲಿ ಹಾಗಲ್ಲ. ನಾಲ್ಕು ಹೊಡೆತದ ಬಂಡಿಯಲ್ಲಿ ಗೇರು ಇಳಿಸಿ ಪೆಟ್ರೋಲಿನ ಹಿಡಿ ಬಿಟ್ಟರೆ ಎಂಜಿನ್ನೇ ಚಕ್ರವನ್ನು ತಡೆದು ಹಿಡಿಯುತ್ತದೆ. ಎರಡು ಹೊಡೆತದ್ದರಲ್ಲಿ ಈ ತಡೆ ಬಹಳ ಕಡಮೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ತಾಳವಾಡಿಯಿಂದ ಸತ್ಯಮಂಗಲದ ಕಡೆಗೆ ಇಳಿಯುವ ದಿಂಬಂ ಘಟ್ಟದಲ್ಲಿ 27 ತಿರುವುಗಳಿವೆ. ಅಂಥ ದಾರಿಯಲ್ಲಿ ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಇನ್ನೊಂದು ಅಪಾಯವುಂಟು. ಎರಡು ಹೊಡೆತದ ಎಂಜಿನ್ನಿಗೆ ಜಾರೆಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಬೇರೆ ಎಣ್ಣೆಯ ತೊಟ್ಟಿ, ಪಂಪು ಇರುವ ಬಂಡಿಗಳಲ್ಲಿಯೂ ಹಿಡಿ ಮುಚ್ಚಿದಾಗ ಎಣ್ಣೆ ತೀರ ಕಡಮೆ ಹೋಗುತ್ತದೆ. ಹೀಗಿರುವಲ್ಲಿ ಉದ್ದದ ಇಳಿಜಾರನ್ನು ಹಿಡಿ ಪೂರಾ ಮುಚ್ಚಿ ವೇಗವಾಗಿ ಇಳಿದರೆ ಎಂಜಿನ್ನು ಒಣಗಿ ಪಿಸ್ಟನ್ ಕಚ್ಚಿಕೊಳ್ಳಬಹುದು, ಓಡುತ್ತಿರುವ ಚಕ್ರ ತಟ್ಟನೆ ನಿಂತು ಬಂಡಿ ಬೀಳಬಹುದು. ಆದ್ದರಿಂದ ಆಗಾಗ್ಗೆ ಹಿಡಿಯನ್ನು ತುಸು ತಿರುಗಿಸಿ ಎಣ್ಣೆ ಹೋಗಗೊಡಬೇಕು. ಯಾವ ಬಂಡಿಯೇ ಆಗಲಿ, ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ನು ಆರಿಸುವುದು ಸರ್ವಥಾ ಕೂಡದು.

ಖರ್ಚು ಮತ್ತು ರಿಪೇರಿ

ಎರಡು ಹೊಡೆತದ ಎಂಜಿನ್ನನ್ನು ಬಿಚ್ಚುವುದು ಸುಲಭ. ಪಿಸ್ಟನ್, ಉಂಗುರ ಬದಲಾಯಿಸುವುದು ಊರ ಮೆಕ್ಯಾನಿಕ್ಕಿನ ಅರ್ಧ ದಿನದ ಕೆಲಸ. ಆದರೆ ಆ ಕೆಲಸ ಬೇಗ ಬೇಗ ಬರುತ್ತದೆ. ಪೆಟ್ರೋಲೂ ಹೆಚ್ಚು ಬೇಕು, ಅದರ ಮೇಲೆ ಎಣ್ಣೆಯ ಖರ್ಚು. ನಾಲ್ಕು ಹೊಡೆತದ್ದು ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿ, ಕವಾಟದ ಸಂದನ್ನು ಸರಿಪಡಿಸಿದರೆ ಬಹುಕಾಲ ತಂಟೆಯಿಲ್ಲದೆ ನಡೆಯುತ್ತದೆ. ಅಲಕ್ಷ್ಯ ಮಾಡಿ ಕೆಡಿಸಿಕೊಂಡರೆ ಮಾತ್ರ ರಿಪೇರಿಯ ಲೆಕ್ಕ ದೊಡ್ಡದು.

ಎಣ್ಣೆ ಬೆರೆಸುವ ಲೆಕ್ಕ ಗದ್ದೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೂ ಒಂದೇ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಲೀಟರು, 40ಕ್ಕೆ 1 ಎಂದಿದ್ದರೆ 25. ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟನ್ನೇ ಅಳೆದು ಹಾಕತಕ್ಕದ್ದು, ಕಣ್ಣಂದಾಜು ಬೇಡ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ಆದಕಾರಣ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡದೆ ಬೇಕಾದಷ್ಟನ್ನೇ ಬೆರೆಸಿಕೊಳ್ಳುವುದು ಮೇಲು.

ನಮ್ಮಲ್ಲಿ ನಡೆದು ಬಂದದ್ದು

ಎರಡು ಹೊಡೆತದ ಬಂಡಿಗಳು ಕನ್ನಡಿಗರ ಮನೆಮಾತಾದದ್ದು ಮೈಸೂರಿನಿಂದ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಮುಂದೆ ಯೆಜ್ಡಿ ಬಂಡಿಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಗಡಿಯಾಚೆ ನಮ್ಮವರು ನೆಲೆಸಿರುವ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಹುಟ್ಟಿತು. ಅದರ ಮನೆತನದ ಎಕ್ಸ್‌ಎಲ್ ಬಂಡಿಗಳು ಮೂಟೆ ಹೊರುವ ಕತ್ತೆಯಂತೆ ಹಳ್ಳಿ ಹಳ್ಳಿಗೂ ಹೊಕ್ಕವು. ಹೊಗೆಯ ನಿಯಮಗಳು ಬಿಗಿಯಾದಂತೆ ಎಲ್ಲರೂ ಮಾರ್ಗ ಬದಲಿಸಿದರು. ಎಕ್ಸ್‌ಎಲ್ 100 ನಾಲ್ಕು ಹೊಡೆತದ್ದಾಗಿ ಬಂತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮರಳಿದಾಗ ಅವುಗಳೊಳಗೆ ಇದ್ದದ್ದೂ ನಾಲ್ಕು ಹೊಡೆತದ ಎಂಜಿನ್ನೇ.

ಗುಡ್ಡದ ದಾರಿಗೆಂದೇ ರೂಪಿಸಿದ ಬಂಡಿಗಳೂ ಈಗ ಬಂದಿವೆ. 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಹೀರೋ ಎಕ್ಸ್‌ಪಲ್ಸ್ 200, ಎರಡಕ್ಕೂ ನೆಲದಿಂದ ಹೊಟ್ಟೆಯವರೆಗೆ 220 ಮಿಲಿಮೀಟರು ಎತ್ತರ. ಎರಡೂ ನಾಲ್ಕು ಹೊಡೆತದವು.

ಹೊರದೇಶಗಳಲ್ಲಿ ಕೆಸರು, ಕಲ್ಲುಗಳ ಮೇಲೆ ಪಂದ್ಯವಾಡುವವರಲ್ಲಿ ಈ ವಾದ ಇನ್ನೂ ಮುಗಿದಿಲ್ಲ. 1998ರಲ್ಲಿ ಅಮೆರಿಕದ ಡಗ್ ಹೆನ್ರಿ ಯಮಹಾದ 400 ಸಿ.ಸಿ. ನಾಲ್ಕು ಹೊಡೆತದ ಬಂಡಿಯಲ್ಲಿ ರಾಷ್ಟ್ರೀಯ ಪಟ್ಟ ಗೆದ್ದ ಮೇಲೆ ಕೆಸರುಗಣದ ಓಟ ಆ ಕಡೆಗೆ ವಾಲಿತು. ಆದರೆ ಆಸ್ಟ್ರಿಯದ ಎರ್ಜ್‌ಬರ್ಗ್ ಗಣಿಬೆಟ್ಟವನ್ನು ಹತ್ತುವ ಸ್ಪರ್ಧೆಯನ್ನು ಇಂಗ್ಲೆಂಡಿನ ಗ್ರಹಾಂ ಜಾರ್ವಿಸ್ ಹಲವು ಸಲ ಗೆದ್ದದ್ದು 300 ಸಿ.ಸಿ. ಎರಡು ಹೊಡೆತದ ಬಂಡಿಯಲ್ಲಿ. ಅಂಥ ಬಂಡಿ ಸುಮಾರು ನೂರು ಕಿಲೋ ತೂಗುತ್ತದೆ, ಬಿದ್ದರೆ ಒಬ್ಬನೇ ಎತ್ತಬಹುದು. ಅದನ್ನು ನಿಧಾನದಲ್ಲೂ ಬಲ ಕೊಡುವಂತೆ ಹದಗೊಳಿಸಿರುತ್ತಾರೆ. ಅದು ಪಂದ್ಯದ ಕುದುರೆ. ಹಾಲಿನ ಕ್ಯಾನು ಹೊರುವುದು ಅದರ ಕೆಲಸವಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು

ದಿನವೂ ಹೊರೆ ಹೊತ್ತು ಇಳಿಜಾರಿನಲ್ಲಿ ಓಡಾಡುವವರು ನಾಲ್ಕು ಹೊಡೆತದ, ಗೇರು ಇರುವ ಬಂಡಿಯನ್ನೇ ಆರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಎಕ್ಸ್‌ಎಲ್ ಜಾತಿಯ ಬಂಡಿಗೆ ಇಳಿಸಲು ಗೇರಿಲ್ಲ. ಅದು ಬಯಲುಸೀಮೆಗೆ ಒಳ್ಳೆಯದು, ಕಡಿದಾದ ಘಟ್ಟಕ್ಕೆ ಬ್ರೇಕು ಚೆನ್ನಾಗಿದ್ದರೆ ಮಾತ್ರ.

ಹಳೆಯ ಎರಡು ಹೊಡೆತದ ಬಂಡಿಯನ್ನೇ ಕೊಳ್ಳುವುದಾದರೆ ಎಂಜಿನ್ನಿಗಿಂತ ಮೊದಲು ಕಾಗದ ನೋಡಿರಿ. ನೋಂದಣಿಗೆ 15 ವರ್ಷದ ಆಯುಷ್ಯ, ಆಮೇಲೆ ನವೀಕರಿಸಿರಬೇಕು. ಕರ್ನಾಟಕದಲ್ಲಿ ಕೊಂಡು ನಮ್ಮ ಊರಿಗೆ ತರುವ ಬಂಡಿಗೆ ಆ ಕಡೆಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಬೇಕು. ಗಡಿಯ ನಮ್ಮವರು ಹಣ ತೆತ್ತೂ ಬಂಡಿಯನ್ನು ಠಾಣೆಯಲ್ಲಿ ನಿಲ್ಲಿಸುವ ಪ್ರಸಂಗ ಬರುವುದು ಇಲ್ಲಿಯೇ.

ಕಾಡಿನೊಳಗಿನ ದಾರಿಯಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಮೋಜಿಗಾಗಿ ಬಂಡಿ ನುಗ್ಗಿಸುವುದು ಅಪರಾಧವೆಂಬುದನ್ನು ತರುಣರು ಮರೆಯಬಾರದು. ಮಳೆಗಾಲಕ್ಕೆ ಮುಂಚೆ ಟೈರಿನ ಹಲ್ಲು, ಎರಡೂ ಬ್ರೇಕು, ಸರಪಣಿಯ ಬಿಗಿ ಇವನ್ನು ಪರೀಕ್ಷಿಸಿ, ತಲೆಗೆ ಹೆಲ್ಮೆಟ್ಟು ಹಾಕಿಯೇ ಹೊರಡಿರಿ. ಎಂಜಿನ್ನು ಕೆಟ್ಟರೆ ಮರುದಿನ ರಿಪೇರಿ ಮಾಡಿಸಬಹುದು. ಹಾಲು ಹಾಕಿ ಮನೆಗೆ ಮರಳುವವನು ಕ್ಷೇಮವಾಗಿ ಮರಳಬೇಕು.