ಕಾರಿನ ರೇಡಿಯೇಟರಿಗೆ ಬಯಲುಸೀಮೆಯ ನೀರು

ಬೇಸಿಗೆ ಬಂತೆಂದರೆ ಕುರಿಗೊಬ್ಬರ ಹುಡುಕಿಕೊಂಡು ಬಯಲುಸೀಮೆಗೆ ಹೋಗಿಬರುವುದು ನಮ್ಮ ಸದಸ್ಯರಲ್ಲಿ ಹಲವರಿಗೆ ವಾಡಿಕೆ. ಗೊಬ್ಬರ ನೋಡಿ, ದರ ಮಾತಾಡಿ, ಲಾರಿ ಗೊತ್ತುಮಾಡಿ ಹಿಂದಿರುಗಲು ಎರಡು ಮೂರು ದಿನ ಹಿಡಿಯುತ್ತದೆ. ಮೂರು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ನಾವೂ ಹೀಗೆಯೇ ಲಕ್ಷ್ಮೇಶ್ವರ, ಶಿರಹಟ್ಟಿ ಸುತ್ತಿ, ಗದಗದಲ್ಲಿ ಒಂದು ರಾತ್ರಿ ಕಳೆದು, ಮರುದಿನ ಮುಂಡರಗಿಯ ಕಡೆಗೆ ಹೊರಟಿದ್ದೆವು. ಡಂಬಳ ದಾಟಿದ ಮೇಲೆ ಕಾರಿನ ಉಷ್ಣತೆಯ ಮುಳ್ಳು ಮೇಲೇರಿತು. ಬಾನೆಟ್ ಎತ್ತಿದರೆ ಒಳಗಿನಿಂದ ಹಬೆ ಬರುತ್ತಿತ್ತು. ಜೊತೆಯಲ್ಲಿದ್ದ ಭಾವನವರು ಅವಸರದಲ್ಲಿ ಒದ್ದೆ ಟವೆಲ್ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟರು. ಕುದಿನೀರು ಚಿಮ್ಮಿ ಮುಂಗೈಯಿಂದ ಮೊಳಕೈವರೆಗೆ ಸುಟ್ಟಿತು. ಒಂದು ತಿಂಗಳು ಅವರಿಗೆ ತೋಟದ ಕೆಲಸವಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹೋಸ್ ಪೈಪಿನಲ್ಲಿ ಸಣ್ಣ ಸೋರಿಕೆಯಿತ್ತು. ಅದನ್ನು ಸರಿಯಾಗಿ ರಿಪೇರಿ ಮಾಡಿಸದೆ, ಆ ಬೇಸಿಗೆಯ ನಾಲ್ಕು ಪ್ರಯಾಣಗಳಲ್ಲಿಯೂ ಸಿಕ್ಕಸಿಕ್ಕ ಬೋರಿನ ನೀರನ್ನೇ ತುಂಬಿಸಿಕೊಂಡು ಓಡಾಡಿದೆವು. ಶಿರಹಟ್ಟಿಯ ಒಬ್ಬ ಪಂಕ್ಚರ್ ಅಂಗಡಿಯವರು, "ನಮ್ಮ ಬೋರಿನ ನೀರು ಹಾಕಬ್ಯಾಡ್ರಿ ಸಾಹೇಬ್ರ, ಚಹಾದ ಪಾತ್ರಿಗೇ ಉಪ್ಪು ಕಟ್ಟತೈತಿ, ಇಂಜಿನ್‌ಗೆ ಬಿಡತೈತೇನ್ರಿ" ಎಂದು ಎಚ್ಚರಿಸಿದ್ದರು. ನಾವು ನಕ್ಕು ಮುಂದೆ ಹೋದೆವು. ಮರು ವರ್ಷ ಘಾಟಿ ಏರುವಾಗ ಇಂಜಿನ್ ಮತ್ತೆ ಕುದಿಯಿತು, ಹೆಡ್ ಗ್ಯಾಸ್ಕೆಟ್ ಹೋಯಿತು. ಆಯಿಲ್ ಕಡ್ಡಿ ತೆಗೆದು ನೋಡಿದರೆ ಹಾಲು ಬೆರೆಸಿದ ಕಾಫಿಯ ಬಣ್ಣ. ಕತ್ತರಿಸಿ ತೆಗೆದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಬಳಿದಂತೆ ಬಿಳಿಯ ಹಕ್ಕಳೆ. ಇಪ್ಪತ್ತು ಸಾವಿರಕ್ಕೂ ಮೇಲೆ ಖರ್ಚಾಯಿತು. ಆ ಅನುಭವದಿಂದಲೇ ಈ ಲೇಖನ.

ಗದಗ ಜಿಲ್ಲೆಯ ಅಂತರ್ಜಲದಲ್ಲಿ ಖನಿಜಾಂಶ ಹೆಚ್ಚು. ಮುಂಡರಗಿ ತಾಲ್ಲೂಕಿನ ಹಲವು ಹಳ್ಳಿಗಳ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಲ್ಲು ಕಂದುಗಟ್ಟಿದ ಮಕ್ಕಳನ್ನು ನಾವೇ ಕಂಡಿದ್ದೇವೆ. ಗದಗ-ಬೆಟಗೇರಿಗೆ ಕುಡಿಯಲು ತುಂಗಭದ್ರೆಯ ನೀರು ತರಬೇಕಾಗಿ ಬಂದಿರುವುದೂ, ಹಳ್ಳಿಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ನಿಂತಿರುವುದೂ ನೀರಿನ ಈ ತೊಂದರೆಯಿಂದಲೇ. ಫ್ಲೋರೈಡ್ ಮನುಷ್ಯನ ಹಲ್ಲು ಮೂಳೆಗಳಿಗೆ ಶತ್ರು. ರೇಡಿಯೇಟರಿಗೆ ಶತ್ರುವೆಂದರೆ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ನೀರು ಕಾದಾಗ ಇವು ಕರಗದ ಕಾರ್ಬೊನೇಟ್ ಆಗಿ, ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ ಅಂಟಿಕೊಳ್ಳುತ್ತವೆ. ಇಂಜಿನ್ನಿನಲ್ಲಿ ಅತಿ ಬಿಸಿಯ ಜಾಗವೆಂದರೆ ಸಿಲಿಂಡರ್ ಹೆಡ್.

ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿಗೆ ಬೇರೆ ಮೂಲವಿಲ್ಲದಾಗ ಲೀಟರಿಗೆ 600 ಮಿಲಿಗ್ರಾಂ ಗಡಸುತನದವರೆಗೆ ಒಪ್ಪಬಹುದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅಂಥ ನೀರನ್ನು ನಾಲ್ಕು ಲೀಟರ್ ಒಮ್ಮೆ ತುಂಬಿದರೆ ಒಳಗೆ ಹೋಗುವುದು ಎರಡೂವರೆ ಗ್ರಾಮಿಗೂ ಕಡಿಮೆ. ಅದರಿಂದ ಕಾರೇನೂ ಕೆಡದು. ಆದರೆ ಸೋರುವ ಗಾಡಿಗೆ ಒಂದು ಬೇಸಿಗೆಯಲ್ಲಿ 50 ಲೀಟರ್ ಹಾಕಿದರೆ 30 ಗ್ರಾಂ ಆಯಿತು. ನೀರು ಆವಿಯಾಗಿ ಹೋಗುತ್ತದೆ, ಲವಣ ಒಳಗೇ ಉಳಿಯುತ್ತದೆ. ಕೂದಲೆಳೆಯಷ್ಟು ಕಿರಿದಾದ ದಾರಿಗಳಿರುವ ಈಗಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಅದು ಸಣ್ಣ ಹೊರೆಯಲ್ಲ. ಸಾಲದ್ದಕ್ಕೆ, ಕೆಲವು ಕೂಲಂಟ್‌ಗಳಲ್ಲಿರುವ ಫಾಸ್ಫೇಟ್ ಗಡಸು ನೀರಿನೊಡನೆ ಸೇರಿ ತಾನೂ ಗಷ್ಟಾಗಿ ತಳ ಹಿಡಿಯುತ್ತದೆ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಹಳ್ಳದ ನೀರನ್ನೇ ಹಾಕುತ್ತಿದ್ದೆವಲ್ಲ ಎಂದು ಹಿರಿಯ ಸದಸ್ಯರು ಕೇಳಬಹುದು. ಸರಿಯಾದ ಪ್ರಶ್ನೆಯೇ. ನಮ್ಮ ಮಲೆನಾಡಿನ ನೀರು ಮೆದು. ಆ ಗಾಡಿಗಳ ಇಂಜಿನ್ ಬ್ಲಾಕ್ ಎರಕದ ಕಬ್ಬಿಣ, ರೇಡಿಯೇಟರ್ ತಾಮ್ರ-ಹಿತ್ತಾಳೆ. ಕಟ್ಟಿಕೊಂಡರೆ ಬಿಚ್ಚಿ, ಕೊಳವೆಯೊಳಗೆ ಕಡ್ಡಿ ಆಡಿಸಿ, ಬೆಸುಗೆ ಹಾಕಿ ಕೊಡುವವರು ಪ್ರತಿ ಪೇಟೆಯಲ್ಲಿಯೂ ಇದ್ದರು. ಈಗ ಹೆಡ್ಡೂ ಅಲ್ಯೂಮಿನಿಯಂ, ರೇಡಿಯೇಟರೂ ಅಲ್ಯೂಮಿನಿಯಂ, ಅದರ ಟ್ಯಾಂಕು ಪ್ಲಾಸ್ಟಿಕ್. ಬೆಸುಗೆಗೆ ಬರುವಂಥದಲ್ಲ.

ಹಿಮ ಬೀಳದ ನಮ್ಮ ನಾಡಿಗೆ ಕೂಲಂಟ್ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಕೂಲಂಟಿನ ಮುಖ್ಯ ಭಾಗ ಎಥಿಲೀನ್ ಗ್ಲೈಕಾಲ್. ಜೊತೆಗೆ ತುಕ್ಕು ತಡೆಯುವ ಪದಾರ್ಥಗಳು. ಸಮಸಮ ನೀರು ಬೆರೆಸಿದರೆ ಅದು ಕುದಿಯುವುದು ಸುಮಾರು 107 ಡಿಗ್ರಿಗೆ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಗದಗದಲ್ಲಿ ಬರಿಯ ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಸುಮಾರು ಒಂದು ವಾಯುಭಾರದಷ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಡುವುದರಿಂದ ಈ ಎರಡು ಅಂಕಿಗಳೂ ಇನ್ನಿಪ್ಪತ್ತು ಡಿಗ್ರಿ ಮೇಲಕ್ಕೆ ಹೋಗುತ್ತವೆ. ಭಾವನವರ ಕೈ ಸುಟ್ಟದ್ದರ ಗುಟ್ಟೂ ಇದೇ: ಒಳಗಿನ ನೀರು ನೂರು ಡಿಗ್ರಿ ದಾಟಿದ್ದರೂ ಒತ್ತಡದಿಂದ ಕುದಿಯದೆ ನಿಂತಿರುತ್ತದೆ, ಮುಚ್ಚಳ ಸಡಿಲಿದ ಕ್ಷಣ ಎಲ್ಲವೂ ಒಮ್ಮೆಗೇ ಉಕ್ಕುತ್ತದೆ. ಹಾಗೆಂದು ನೀರೇ ಬೆರೆಸದೆ ಬರಿಯ ಕೂಲಂಟ್ ತುಂಬುವುದೂ ತಪ್ಪು. ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರಿಗೆ ಗ್ಲೈಕಾಲ್ ಸಮವಲ್ಲ.

ಇನ್ನು ಮನೆಯಲ್ಲಿಯೇ ಹಳೆಯದನ್ನು ತೆಗೆದು ಹೊಸದನ್ನು ತುಂಬುವ ಕ್ರಮ. ಬೆಳಿಗ್ಗೆ, ರಾತ್ರಿಯಿಡೀ ನಿಂತು ಇಂಜಿನ್ ಪೂರ್ತಿ ತಣಿದಿರುವಾಗ ಮಾಡುವ ಕೆಲಸವಿದು. ಗಾಡಿ ಸಮನೆಲದಲ್ಲಿ, ಬಯಲಿನಲ್ಲಿರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಹೊಗೆಯಲ್ಲಿನ ವಿಷಾನಿಲ ಪ್ರಾಣ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇದ್ದರೆ ಅದರ ಗುಬುಟನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ; ಹಲವು ಗಾಡಿಗಳಲ್ಲಿ ಹಾಗೆ ಮಾಡದಿದ್ದರೆ ಹೀಟರಿನ ಕೊಳವೆಯಲ್ಲಿ ಹಳೆಯ ಕೊಳೆ ಹಾಗೆಯೇ ಉಳಿಯುತ್ತದೆ. ಅಗಲವಾದ ಬೋಗುಣಿಯನ್ನು ಕೆಳಗಿಟ್ಟು, ಮೇಲಿನ ಮುಚ್ಚಳ ತೆಗೆದು, ರೇಡಿಯೇಟರಿನ ತಳದ ನಲ್ಲಿಯನ್ನು ಬಿಚ್ಚಿರಿ. ಪ್ಲಾಸ್ಟಿಕ್ಕಿನ ನಲ್ಲಿಯಾದರೆ ಕೈಬಲ ತೋರಿಸಬೇಡಿ. ನಲ್ಲಿಯೇ ಇಲ್ಲದಿದ್ದರೆ ಕೆಳಗಿನ ಹೋಸಿನ ಕ್ಲಿಪ್ ಸಡಿಲಿಸಬೇಕು. ಬಂದ ದ್ರವವನ್ನು ಅಳತೆ ಮಾಡಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಣ್ಣವನ್ನೂ ನೋಡಿ. ಕೆಂಗಂದು ಎಂದರೆ ತುಕ್ಕು. ಎಣ್ಣೆ ತೇಲುತ್ತಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕರನ್ನು ಕರೆಯಿರಿ.

ನಲ್ಲಿ ಮುಚ್ಚಿ ಮೆದು ನೀರು ತುಂಬಿಸಿ, ಮುಚ್ಚಳ ಹಾಕಿ, ಇಂಜಿನ್ ಓಡಲು ಬಿಡಿ. ಒಳಗಿನ ಥರ್ಮೋಸ್ಟಾಟ್ ಎಂಬ ಕವಾಟವು ಸುಮಾರು 82ರಿಂದ 88 ಡಿಗ್ರಿಗೆ ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರನ್ನು ಹಾಯುವುದಿಲ್ಲ. ಮೇಲಿನ ಹೋಸ್ ಬಿಸಿಯಾಗಿ ಫ್ಯಾನ್ ತಿರುಗಿತೆಂದರೆ ಕವಾಟ ತೆರೆದಿದೆ ಎಂದರ್ಥ. ಇನ್ನೈದು ನಿಮಿಷ ಬಿಟ್ಟು ಇಂಜಿನ್ ನಿಲ್ಲಿಸಿ. ಫ್ಯಾನ್ ವಿದ್ಯುತ್ತಿನದಾದ್ದರಿಂದ ಇಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು, ಬೆರಳು ದೂರವಿರಲಿ. ಮುಂದಿನದು ತಾಳ್ಮೆಯ ಭಾಗ: ಹೋಸನ್ನು ಹಿಚುಕಿದರೆ ಮೆತ್ತಗೆ, ತಣ್ಣಗೆ ಎನಿಸುವವರೆಗೆ ಕಾಯಬೇಕು. ಎರಡು ಗಂಟೆಯಾದರೂ ಆದೀತು. ಕಾಫಿ ಕುಡಿದು, ತೋಟದ ಕಡೆ ಒಂದು ಸುತ್ತು ಹಾಕಿ ಬನ್ನಿ. ಆಮೇಲೆ ನೀರನ್ನು ಬಸಿದು, ತಿಳಿಯಾಗಿ ಬರುವವರೆಗೆ ಇದನ್ನೇ ಎರಡು ಮೂರು ಬಾರಿ ಮಾಡಿ. ಕೊನೆಯ ಬಾರಿ ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ತೊಳೆಯಿರಿ. ತೊಳೆಯಲು ಕಾಸ್ಟಿಕ್ ಸೋಡ ಹಾಕುವವರಿದ್ದಾರೆ. ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ಬೇಡವೇ ಬೇಡ.

ತುಂಬುವಾಗ ಬಹಳ ಮಂದಿ ಎಡವುವ ಒಂದು ಜಾಗವಿದೆ. ನಲ್ಲಿ ಬಿಚ್ಚಿದರೂ ಇಂಜಿನ್ ಬ್ಲಾಕಿನಲ್ಲಿರುವುದೆಲ್ಲ ಇಳಿದುಬರುವುದಿಲ್ಲ. ಗಾಡಿಯ ಪುಸ್ತಕದಲ್ಲಿ ಒಟ್ಟು ನಾಲ್ಕು ಲೀಟರ್ ಎಂದಿದ್ದು, ನಿಮಗೆ ಬಸಿದದ್ದು ಎರಡೂವರೆ ಲೀಟರ್ ಎನ್ನಿ. ಒಂದೂವರೆ ಲೀಟರ್ ತೊಳೆದ ನೀರು ಒಳಗೇ ಇದೆ. ಈಗ ಅಂಗಡಿಯ ಸಮಸಮ ಬೆರೆಸಿದ ಡಬ್ಬಿಯಿಂದ ಎರಡೂವರೆ ಲೀಟರ್ ಸುರಿದರೆ ಕೂಲಂಟಿನ ಪಾಲು ನೂರಕ್ಕೆ 31 ಮಾತ್ರ ಆಗುತ್ತದೆ. ಆದ್ದರಿಂದ ಬೆರೆಸದ ಗಟ್ಟಿ ಕೂಲಂಟ್ ಕೊಂಡು, ಒಟ್ಟು ಅಳತೆಯ ಅರ್ಧವಾದ ಎರಡು ಲೀಟರನ್ನು ಮೊದಲು ಹಾಕಿ, ಉಳಿದ ಅರ್ಧ ಲೀಟರಿಗೆ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಯಾವ ಜಾತಿಯ ಕೂಲಂಟ್ ಎಂಬುದನ್ನು ಗಾಡಿಯ ಪುಸ್ತಕದಲ್ಲಿಯೇ ನೋಡಿ. ಹಸಿರು, ಕೆಂಪು, ನೀಲಿ ಎಂಬ ಬಣ್ಣಗಳನ್ನು ನಂಬಬಾರದು. ಅವು ತಯಾರಕರು ತಮ್ಮಿಷ್ಟದಂತೆ ಬೆರೆಸುವ ಬಣ್ಣಗಳು. ಒಂದು ಪೇಟೆಯಲ್ಲಿ ನಮಗೆ ಹಸಿರು ಬಣ್ಣದ ಬರಿಯ ನೀರನ್ನೇ ಕೂಲಂಟ್ ಎಂದು ಮಾರಿದ್ದೂ ಉಂಟು. ಜಾತಿ ಬೇರೆಯಾದ ಎರಡನ್ನು ಕಲಸಿದರೆ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗುತ್ತದೆ.

ನಿಧಾನವಾಗಿ ಸುರಿಯುತ್ತ, ಮೇಲಿನ ಹೋಸನ್ನು ಹಿಚುಕುತ್ತ ಬಂದರೆ ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಕೆಲವು ಗಾಡಿಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ. ಗಾಳಿ ಉಳಿದರೆ ಕೂಲಂಟ್ ತುಂಬಿದ್ದರೂ ಇಂಜಿನ್ ಕಾಯುತ್ತದೆ. ಪಕ್ಕದ ಟ್ಯಾಂಕನ್ನು ಎರಡು ಗೆರೆಗಳ ನಡುವೆ ಬರುವಂತೆ ತುಂಬಿಸಿ, ಮುಚ್ಚಳ ಬಿಗಿದು, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಮರುದಿನ ತಣ್ಣಗಿರುವಾಗ ಮತ್ತೆ ನೋಡಿ. ಮೊದಲ ದಿನ ಸ್ವಲ್ಪ ಇಳಿಯುವುದು ಸಹಜ, ಆಮೇಲೂ ಇಳಿಯುತ್ತಿದ್ದರೆ ಸೋರಿಕೆ ಹುಡುಕಬೇಕು.

ಬಸಿದ ಹಳೆಯ ಕೂಲಂಟನ್ನು ಏನು ಮಾಡುವುದು? ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಗ್ಲೈಕಾಲ್ ಸಿಹಿಯಾದ ವಿಷ. ಬೋಗುಣಿಯನ್ನು ಅಂಗಳದಲ್ಲಿ ಬಿಟ್ಟರೆ ನಾಯಿ ನೆಕ್ಕುತ್ತದೆ, ಕರು ಮೂತಿ ಇಡುತ್ತದೆ, ಚಿಕ್ಕ ಮಕ್ಕಳು ಶರಬತ್ತೆಂದುಕೊಂಡಾರು. ನೂರು ಮಿಲಿಲೀಟರಿನಷ್ಟು ಬೆಳೆದ ಮನುಷ್ಯನನ್ನೇ ಕೊಲ್ಲಬಹುದು. ಮೊದಲು ಅಮಲೇರಿದಂತೆ ಕಾಣುತ್ತದೆ, ನಡುವೆ ಹುಷಾರಾದಂತೆಯೂ ಕಾಣಬಹುದು, ಮೂತ್ರಪಿಂಡ ಕೆಡುವುದು ಆಮೇಲೆ. ಕುಡಿದಿದ್ದಾರೆಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು. ಅಡಿಕೆ ತೋಟದ ಬಸಿಗಾಲುವೆಗಾಗಲಿ ಬಾವಿಯ ಬಳಿಗಾಗಲಿ ಅದನ್ನು ಚೆಲ್ಲಬೇಡಿ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮೇಲೆ 'ವಿಷ' ಎಂದು ಬರೆದು, ಗಾಡಿ ಸರ್ವಿಸಿಗೆ ಹೋದಾಗ ದೊಡ್ಡ ವರ್ಕ್‌ಷಾಪಿಗೆ ಒಪ್ಪಿಸಿ. ಹಳೆಯ ಶರಬತ್ತಿನ ಬಾಟಲಿಯಲ್ಲಿ ಇಟ್ಟೀರಿ, ಜೋಕೆ.

ಈ ವರ್ಷ ಮತ್ತೆ ಆ ಕಡೆ ಹೋಗಿದ್ದೆವು. ಗದಗ ತಾಲ್ಲೂಕಿನ ಕಣಗಿನಹಾಳವನ್ನೂ ನೋಡಿ ಬಂದೆವು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು. ನಮ್ಮಂಥ ಸಹಕಾರಿಗಳಿಗೆಲ್ಲ ತವರುಮನೆಯಿದ್ದಂತೆ, ಗೊಬ್ಬರಕ್ಕೆ ಹೋಗುವವರು ಒಂದು ಗಂಟೆ ಬಿಡುವು ಮಾಡಿಕೊಳ್ಳಬಹುದು. ಈ ಸಲ ಡಿಕ್ಕಿಯಲ್ಲಿ ಐದು ಲೀಟರಿನ ಡಿಸ್ಟಿಲ್ಡ್ ವಾಟರ್ ಕ್ಯಾನು, ಒಂದು ಲೀಟರ್ ಕೂಲಂಟ್, ಎರಡು ಹೋಸ್ ಕ್ಲಿಪ್ಪು, ದಪ್ಪ ಕೈಚೀಲ ಇದ್ದವು. ದಾರಿಯಲ್ಲಿ ಏನೂ ಇಲ್ಲದೆ ಸಿಕ್ಕಿಬಿದ್ದವರು ಹಳ್ಳಿಯ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನು ಹಿಡಿದುಕೊಳ್ಳಬಹುದು, ಬೋರಿನ ನೀರಿಗಿಂತ ಎಷ್ಟೋ ವಾಸಿ. ಅದೂ ಸಿಗದೆ ಬೋರಿನದನ್ನೇ ಹಾಕಬೇಕಾಯಿತೆಂದರೆ ಹಾಕಿ, ಇಂಜಿನ್ ಸುಡುವುದಕ್ಕಿಂತ ಅದು ಮೇಲು. ಇಂಜಿನ್ ತಣಿದ ಮೇಲೆ ಹಾಕಿ, ಊರಿಗೆ ಬಂದ ವಾರದೊಳಗೆ ಮೇಲೆ ಹೇಳಿದಂತೆ ತೊಳೆದುಬಿಡಿ. ನಮ್ಮ ಭಾವನವರು ಈಗ ಮುಚ್ಚಳ ಮುಟ್ಟುವ ಮೊದಲು ಗಡಿಯಾರ ನೋಡಿಕೊಳ್ಳುತ್ತಾರೆ.