ಕೃಷಿ ಹೊಂಡ: ಎಷ್ಟು ಆಳ, ಎಂಥ ಇಳಿಜಾರು?

ಯುಗಾದಿ ಕಳೆದು ಹೊಲಗಳು ಬರಿದಾಗಿರುವ ದಿನಗಳೇ ಹೊಂಡ ತೋಡಲು ತಕ್ಕ ಕಾಲ. ಮಣ್ಣು ಒಣಗಿರುತ್ತದೆ, ಯಂತ್ರದ ಗಾಲಿ ಹೂತುಕೊಳ್ಳುವುದಿಲ್ಲ, ಮುಂಗಾರು ಬರುವಷ್ಟರಲ್ಲಿ ದಂಡೆಯ ಮಣ್ಣು ತಕ್ಕಮಟ್ಟಿಗೆ ಕೂತಿರುತ್ತದೆ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಕೃಷಿ ಹೊಂಡ ಮನೆಮಾತಾಗಿದೆ. ಆದರೆ ತೋಡಿಸಿದ ಹೊಂಡಗಳಲ್ಲೆಲ್ಲ ನೀರು ನಿಂತಿದೆಯೆನ್ನುವಂತಿಲ್ಲ. ದಂಡೆ ಕುಸಿದು ಅರ್ಧ ಮುಚ್ಚಿಹೋದದ್ದುಂಟು, ಒಮ್ಮೆಯೂ ತುಂಬದೆ ಉಳಿದದ್ದುಂಟು, ತುಂಬಿದ ಎಂಟೇ ದಿನಕ್ಕೆ ಬತ್ತಿದ್ದೂ ಉಂಟು. ಬಹುಪಾಲು ತಪ್ಪು ನಡೆಯುವುದು ಗುದ್ದಲಿ ಮುಟ್ಟುವ ಮೊದಲು, ಲೆಕ್ಕದಲ್ಲಿ.

ಮೊದಲು ಆಳದ ಮಾತು. ಮೇಲ್ಗಡೆ 60 ಅಡಿ ಉದ್ದ, 60 ಅಡಿ ಅಗಲ, 10 ಅಡಿ ಆಳದ ಹೊಂಡಕ್ಕೆ 36,000 ಘನ ಅಡಿ ನೀರು ಹಿಡಿಯುತ್ತದೆಂದು ಗುಣಾಕಾರ ಮಾಡಿ ಹೇಳುವವರಿದ್ದಾರೆ. ಗೋಡೆ ನೆಟ್ಟಗೆ ನಿಂತರೆ ಅದು ಸರಿ. ಮಣ್ಣಿನ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ, ನೆನೆದ ಕೂಡಲೇ ಜರಿಯುತ್ತದೆ. ಒಂದಡಿ ಇಳಿದರೆ ಒಂದಡಿ ಒಳಕ್ಕೆ ಸರಿಯುವಂತೆ ಇಳಿಜಾರು ಕೊಟ್ಟರೆ ತಳ 40 ಅಡಿ ಚೌಕಕ್ಕೆ ಇಳಿಯುತ್ತದೆ. ಆಗ ಹಿಡಿಯುವುದು ಸುಮಾರು 25,300 ಘನ ಅಡಿ, ಅಂದರೆ ಏಳು ಲಕ್ಷ ಲೀಟರಿಗೆ ತುಸು ಮೇಲೆ.

ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಮೇಲಿನ ವಿಸ್ತೀರ್ಣ, ತಳದ ವಿಸ್ತೀರ್ಣ, ನಡುಮಟ್ಟದ ವಿಸ್ತೀರ್ಣದ ನಾಲ್ಕರಷ್ಟು, ಮೂರನ್ನೂ ಕೂಡಿ. ಆಳದಿಂದ ಗುಣಿಸಿ 6ರಿಂದ ಭಾಗಿಸಿ. ನಮ್ಮ ಹೊಂಡದಲ್ಲಿ 3,600, 1,600, ಮತ್ತು 2,500ರ ನಾಲ್ಕರಷ್ಟು 10,000. ಗುತ್ತಿಗೆಯವರಿಗೆ ಘನ ಅಡಿಯ ಮೇಲೆ ಹಣ ಕೊಡುವುದಾದರೆ ಈ ಲೆಕ್ಕ ನಿಮ್ಮ ಕೈಯಲ್ಲೇ ಇರಬೇಕು. ಇಲ್ಲವಾದರೆ ತೆಗೆಯದ ಹತ್ತು ಸಾವಿರ ಘನ ಅಡಿ ಮಣ್ಣಿಗೂ ಕೂಲಿ ಕೊಟ್ಟಂತಾಗುತ್ತದೆ.

ಇನ್ನೂ ಐದಡಿ ಇಳಿಸಿದರೆ? ಅದೇ ಬಾಯಿ, 15 ಅಡಿ ಆಳ. ತಳ 30 ಅಡಿಗೆ ಕಿರಿದಾಗಿ ಒಟ್ಟು 31,500 ಘನ ಅಡಿ ಆಗುತ್ತದೆ. ಆಳ ಒಂದೂವರೆ ಪಟ್ಟಾದರೂ ನೀರು ಹೆಚ್ಚಿದ್ದು ಕಾಲು ಭಾಗ ಮಾತ್ರ. ಆ ಕೊನೆಯ ಐದಡಿ ಮಣ್ಣನ್ನು ಮೇಲೆತ್ತುವ ಖರ್ಚೇ ಹೆಚ್ಚು. ಹಾಗೆಂದು ತೆಳ್ಳಗೆ ಹರಡಿ ಅಗೆಯುವುದೂ ಜಾಣತನವಲ್ಲ. ಬಿರುಬಿಸಿಲಿನಲ್ಲಿ ತೆರೆದ ನೀರು ದಿನಕ್ಕೆ ಕಾಲು ಅಂಗುಲದಷ್ಟು ಆವಿಯಾಗುತ್ತದೆ. ಬಾಯಿ ದೊಡ್ಡದಾದಷ್ಟೂ ಸೂರ್ಯನ ಪಾಲು ದೊಡ್ಡದು. ನನ್ನ ಮಟ್ಟಿಗೆ ಸಣ್ಣ ಹಿಡುವಳಿಗೆ 10 ಅಡಿ ಆಳವೇ ಲೇಸು.

ಇಳಿಜಾರು ಮಣ್ಣಿನ ಮೇಲೆ ನಿಂತ ಮಾತು. ಗಟ್ಟಿ ಕೆಂಪುಮಣ್ಣಿಗೆ ಮೇಲೆ ಹೇಳಿದ ಒಂದಕ್ಕೆ ಒಂದು ಕನಿಷ್ಠ. ಬಿರುಕು ಬಿಡುವ ಎರೆಗೆ, ಸಡಿಲ ಮಣ್ಣಿಗೆ ಒಂದಡಿಗೆ ಒಂದೂವರೆ ಅಡಿಯಾದರೂ ಬೇಕು. ಮರಳು ಹೆಚ್ಚಿದ್ದರೆ ಎರಡಡಿ. ಒಂದೂವರೆಯ ಇಳಿಜಾರಿನಲ್ಲಿ ನಮ್ಮ 60 ಅಡಿ ಹೊಂಡಕ್ಕೆ ಹಿಡಿಯುವುದು 21,000 ಘನ ಅಡಿ ಮಾತ್ರ. ನೀರು ಕಡಿಮೆಯಾಯಿತೆಂದು ಕೊರಗಬೇಡಿ, ಕುಸಿದ ಹೊಂಡದಲ್ಲಿ ಅದೂ ಇರುವುದಿಲ್ಲ. ಹಂಪಿಯಲ್ಲಿ ಮಹಾನವಮಿ ದಿಬ್ಬದ ಬಳಿ ಇರುವ ಮೆಟ್ಟಿಲು ಪುಷ್ಕರಣಿಯನ್ನು ನೋಡಿದವರಿಗೆ ಇದು ಹೊಸದಲ್ಲ. ಕಲ್ಲಿನಲ್ಲಿ ಕಟ್ಟಿದರೂ ಹಿಂದಿನವರು ಕೆಳಕ್ಕೆ ಹೋದಂತೆ ಕಿರಿದು ಮಾಡಿಯೇ ಇಳಿದರು.

ಇಷ್ಟಕ್ಕೂ ತುಂಬುವಷ್ಟು ನೀರು ಹರಿದು ಬರುತ್ತದೆಯೇ? ಒಂದು ಎಕರೆಯ ಮೇಲೆ ಒಂದಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು. ಅದೆಲ್ಲ ಹರಿಯುವುದಿಲ್ಲ, ಬಹುಪಾಲನ್ನು ನೆಲ ಕುಡಿಯುತ್ತದೆ. ಹತ್ತರಲ್ಲಿ ಒಂದು ಪಾಲು ಹರಿಯಿತೆಂದು ಇಟ್ಟುಕೊಳ್ಳೋಣ. ಹತ್ತು ಎಕರೆಯ ಇಳುಕಲು ನಿಮ್ಮ ಹೊಂಡದ ಕಡೆಗಿದ್ದರೆ ಅಂಗುಲದ ಮಳೆಯೊಂದಕ್ಕೆ ಒಂದು ಲಕ್ಷ ಲೀಟರು ಬಂದೀತು. ಹೊಂಡ ತುಂಬಲು ಅಂಥ ಏಳು ಮಳೆ ಬೇಕು. ಎರಡೇ ಎಕರೆಯ ನೀರು ಬರುವ ಕಡೆ ಇಷ್ಟು ದೊಡ್ಡ ಹೊಂಡ ತೋಡಿ ಮಳೆರಾಯನನ್ನು ದೂರಿ ಫಲವಿಲ್ಲ. ತುಂಬಿದ ಹೊಂಡವೇನೋ ದೊಡ್ಡ ಆಸರೆ: ಮಳೆ ಕೈಕೊಟ್ಟು ತೆನೆ ಬಾಡುವ ಹೊತ್ತಿಗೆ ಮೂರು ಎಕರೆಗೆ ಎರಡಂಗುಲದಂತೆ ಒಂದು ಸಲ ನೀರು ಹಾಯಿಸಬಹುದು.

ಜಾಗ ಗೊತ್ತಾದ ಮೇಲೂ ಯಂತ್ರ ಕರೆಸುವ ಅವಸರ ಬೇಡ. ಒಂದು ಪರೀಕ್ಷೆಯ ಗುಂಡಿ ತೋಡಿಸಿ, ಹೊಂಡದ ಆಳಕ್ಕಿಂತ ಎರಡಡಿ ಹೆಚ್ಚಾಗಿಯೇ ಇರಲಿ. ಎಲ್ಲಿ ಗರಸು ಬಂತು, ಎಲ್ಲಿ ಬಂಡೆ ಸಿಕ್ಕಿತು ಗುರುತು ಮಾಡಿಕೊಳ್ಳಿ. ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಎಷ್ಟು ಇಳಿದಿದೆ ಎಂಬುದೇ ಹಾಳೆ ಬೇಕೇ ಬೇಡವೇ ಹೇಳುತ್ತದೆ. ಒಳ್ಳೆಯ ಎರೆಯಲ್ಲಿ ಎಷ್ಟೋ ಸಲ ಬೇಕಾಗುವುದಿಲ್ಲ. ಕೆಂಪುಮಣ್ಣು, ಗರಸಿನಲ್ಲಿ ಹಾಳೆಯಿಲ್ಲದೆ ನೀರು ನಿಲ್ಲದು. ಈ ಗುಂಡಿಗೆ ಮಾತ್ರ ಯಾರೂ ಇಳಿಯಕೂಡದು. ಒಂದು ಘನ ಅಡಿ ಮಣ್ಣು 45 ಕಿಲೋಗೂ ಮೇಲೆ ತೂಗುತ್ತದೆ. ನೆಟ್ಟನೆಯ ಗೋಡೆ ಜರಿದರೆ ಎದೆಮಟ್ಟ ಹೂತವನನ್ನೂ ಎಳೆದು ತೆಗೆಯುವುದು ಕಷ್ಟ.

ಗುರುತು ಹಾಕುವುದು ಸುಲಭ. ಒಂದು ಮೂಲೆಯಿಂದ ಒಂದು ಕಡೆ 30 ಅಡಿ, ಇನ್ನೊಂದು ಕಡೆ 40 ಅಡಿ ಅಳೆದು ಗೂಟ ಹೊಡೆಯಿರಿ. ಆ ಎರಡು ಗೂಟಗಳ ನಡುವೆ ಸರಿಯಾಗಿ 50 ಅಡಿ ಬಂದರೆ ಮೂಲೆ ಸರಿ. ನಾಲ್ಕೂ ಮೂಲೆಯಾದ ಮೇಲೆ ಎರಡೂ ಕರ್ಣಗಳು 84 ಅಡಿ 10 ಅಂಗುಲ ಬರಬೇಕು. ಒಳಗಡೆ ತಳದ 40 ಅಡಿ ಚೌಕವನ್ನೂ ಸುಣ್ಣದ ಪುಡಿಯಲ್ಲಿ ಎಳೆಯಿರಿ. ಮೊದಲು ನಡುವಿನ ಚೌಕ ಅಗೆಸಿ, ಆಮೇಲೆ ಅಂಚಿನಿಂದ ಇಳಿಜಾರು ಕೊರೆಸಬೇಕು. ನಡುವಿನ ಗೋಡೆ ನೆಟ್ಟಗಿರುವವರೆಗೆ ಆಳುಗಳನ್ನು ಕೆಳಗೆ ಬಿಡಬೇಡಿ.

ಮೇಲಿನ ಒಂದಡಿ ಮಣ್ಣು ಹೊಲದ ಸಾರ. ಅದನ್ನು ಬೇರೆಯೇ ರಾಶಿ ಹಾಕಿಸಿ, ಕೊನೆಗೆ ಹೊಲಕ್ಕೆ ಹರಡಿ. ಉಳಿದ ಮಣ್ಣನ್ನು ಎಲ್ಲಿಗೆ ಹಾಕುವುದೆಂದು ಮೊದಲೇ ಯೋಚಿಸದವರು ಆಮೇಲೆ ತಲೆ ಮೇಲೆ ಕೈಹೊತ್ತು ಕೂರುತ್ತಾರೆ. ಅಗೆದ ಮಣ್ಣು ಉಬ್ಬಿ ಸುಮಾರು ಕಾಲು ಭಾಗ ಹೆಚ್ಚಾಗುತ್ತದೆ. ಟ್ರಾಕ್ಟರಿನ ಒಂದು ಟ್ರೇಲರಿಗೆ ನೂರು ಘನ ಅಡಿಯೆಂದರೂ ಮುನ್ನೂರು ಲೋಡು! ದಂಡೆಗೆ ಬೇಕಾದಷ್ಟನ್ನು ಹೊಂಡದ ಅಂಚಿನಿಂದ ನಾಲ್ಕೈದು ಅಡಿ ದೂರವೇ ಹಾಕಿಸಿ. ಅಂಚಿನಲ್ಲೇ ಗುಡ್ಡೆ ಹಾಕಿದರೆ ಆ ಭಾರಕ್ಕೆ ಗೋಡೆ ಒಳಕ್ಕೆ ಜರಿಯುತ್ತದೆ, ಮೊದಲ ಮಳೆಗೇ ಮಣ್ಣು ಮರಳಿ ಹೊಂಡ ಸೇರುತ್ತದೆ. ನೀರು ಒಳಬರುವ ಕಡೆ ಹೂಳು ನಿಲ್ಲಲು ಒಂದು ಸಣ್ಣ ಗುಂಡಿ, ಹೆಚ್ಚಾದ ನೀರು ಹೊರಹೋಗಲು ದಂಡೆಗಿಂತ ತಗ್ಗಿನಲ್ಲಿ ಕಲ್ಲು ಹಾಸಿದ ಕೋಡಿ, ಇವೆರಡೂ ಬೇಕು.

ಹಾಳೆ ಕೊಳ್ಳುವಾಗ ಬಾಯಿಯ ಅಳತೆ ಹೇಳಿ ಮೋಸಹೋಗಬೇಡಿ. ತಳ 40 ಅಡಿ, ಎರಡು ಬದಿಯ ಇಳಿಜಾರು 14 ಅಡಿಗೆ ತುಸು ಮೇಲಿನಂತೆ 28 ಅಡಿ ಚಿಲ್ಲರೆ, ಅಂಚಿನ ಕಾಲುವೆಯಲ್ಲಿ ಹೂಳಲು ಬದಿಗೆ ಮೂರಡಿ: ಒಟ್ಟು 75 ಅಡಿ ಚೌಕ. ಹಾಸುವ ಮೊದಲು ಕಲ್ಲು, ಬೇರು ಆಯ್ದು ತೆಗೆದು ನೆಲ ನುಣುಪು ಮಾಡಿಸಿ. ಸಹಾಯಧನ ಬೇಕೆನ್ನುವವರು ಅಗೆಯುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.

ಇನ್ನೊಂದು ಮಾತು, ಇದನ್ನು ಮನೆಯ ಹೆಂಗಸರಿಗೂ ಓದಿ ಹೇಳಿ. ನಾವು ಬಾವಿಯಲ್ಲಿ ಈಜು ಕಲಿತವರು, ಹೊಂಡದಲ್ಲಿ ಮಕ್ಕಳು ಈಜಲಿ ಬಿಡಿ ಎನ್ನುತ್ತೇವೆ. ಬಾವಿಗೆ ಮೆಟ್ಟಿಲಿತ್ತು, ಹಿಡಿಯಲು ಕಲ್ಲಿತ್ತು. ನೆನೆದ ಹಾಳೆಯ ಮೇಲೆ ಕಾಲೂ ನಿಲ್ಲದು, ಕೈಗೂ ಏನೂ ಸಿಗದು. ಈಜು ಬಲ್ಲವನೂ ಜಾರಿ ಜಾರಿ ಸೋಲುತ್ತಾನೆ. ಹೊಂಡಕ್ಕೆ ಬಿದ್ದ ಮಗುವನ್ನು ಎತ್ತಲು ಹೋದ ತಂದೆತಾಯಿಯೂ ಉಳಿಯದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಸುತ್ತ ಎದೆಮಟ್ಟದ ತಂತಿ ಬೇಲಿ, ಬೀಗ ಹಾಕುವ ಬಾಗಿಲು ಮಳೆಗೆ ಮೊದಲೇ ಆಗಲಿ. ನಾಲ್ಕೂ ಬದಿಗೆ ದಂಡೆಯ ಮೇಲೆ ಗಟ್ಟಿ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಹಳೆಯ ಟೈರನ್ನು ಕಟ್ಟಿದರೆ ಇನ್ನೂ ಮೇಲು. ಹಗ್ಗ ಬಿಸಿಲಿಗೆ ಲಡ್ಡಾಗುತ್ತದೆ, ವರ್ಷಕ್ಕೊಮ್ಮೆ ಎಳೆದು ನೋಡಿ ಬದಲಾಯಿಸಿ.